ಕಾಂತೀಯ ತೆಳುಪದರ: ಪ್ರಯೋಗಾಲಯದ ಶೈತ್ಯದಿಂದ ಮಾರುಕಟ್ಟೆಗೆ ಎಷ್ಟು ದೂರ?

ಬೆಂಗಳೂರು: ಕ್ವಾಂಟಮ್ ಎಂಬ ಪದ ಭೌತಶಾಸ್ತ್ರದ ತರಗತಿಯಿಂದ ಹೊರಬಂದು ಸರ್ಕಾರಗಳ ಆಯವ್ಯಯವನ್ನೂ ಮಂತ್ರಿಗಳ ಭಾಷಣವನ್ನೂ ಸೇರಿ ಕೆಲವು ವರ್ಷಗಳಾದವು. ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿ, 2030-31ರವರೆಗಿನ ಎಂಟು ವರ್ಷಗಳಿಗೆ 6003.65 ಕೋಟಿ ರೂಪಾಯಿ ನಿಗದಿಪಡಿಸಿತು. ಕರ್ನಾಟಕವೂ ಹಿಂದೆ ಬೀಳಲಿಲ್ಲ. 2025ರ ಜುಲೈ ಕೊನೆಯಲ್ಲಿ ಬೆಂಗಳೂರಿನಲ್ಲಿ ನಡೆದ ಕ್ವಾಂಟಮ್ ಸಮಾವೇಶದಲ್ಲಿ ರಾಜ್ಯ ಸರ್ಕಾರವು 1000 ಕೋಟಿ ರೂಪಾಯಿಗಳ ಕರ್ನಾಟಕ ಕ್ವಾಂಟಮ್ ಮಿಷನ್ ಘೋಷಿಸಿತು. 2035ರ ವೇಳೆಗೆ 20 ಶತಕೋಟಿ ಡಾಲರ್ ಮೌಲ್ಯದ ಕ್ವಾಂಟಮ್ ಆರ್ಥಿಕತೆ ಕಟ್ಟುವುದು ಅದರ ಗುರಿ.

ಈ ಘೋಷಣೆಗಳ ಸಂಭ್ರಮದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಸಾಲೊಂದು ಕೇಂದ್ರ ಯೋಜನೆಯ ವಿವರಣೆಯಲ್ಲಿದೆ. ಅತಿವಾಹಕಗಳು ಮತ್ತು ಹೊಸ ಬಗೆಯ ಅರೆವಾಹಕ ರಚನೆಗಳ ಜೊತೆಗೆ 'ಟೊಪೊಲಾಜಿಕಲ್ ವಸ್ತು'ಗಳ ವಿನ್ಯಾಸ ಹಾಗೂ ತಯಾರಿಕೆಗೂ ಮಿಷನ್ ನೆರವು ನೀಡಲಿದೆ ಎಂಬುದೇ ಆ ಸಾಲು. ಈ ಗುಂಪಿನಲ್ಲಿ ಜಗತ್ತಿನ ಪ್ರಯೋಗಾಲಯಗಳು ಬೆನ್ನು ಹತ್ತಿರುವ ವಸ್ತುಗಳಲ್ಲಿ ಕಾಂತೀಯ ಟೊಪೊಲಾಜಿಕಲ್ ಇನ್ಸುಲೇಟರ್‌ಗಳ ತೆಳುಪದರಗಳಿಗೆ ಮುಖ್ಯ ಸ್ಥಾನವಿದೆ. ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ, ಬಿಸಿಯಾಗದ ಸ್ಮೃತಿಕೋಶಗಳನ್ನು ಇವುಗಳಿಂದ ಕಟ್ಟಬಹುದು ಎಂಬುದು ವಿಜ್ಞಾನಿಗಳ ನಿರೀಕ್ಷೆ.

ನಿರೀಕ್ಷೆಗೆ ಆಧಾರವಿದೆ. ಆದರೆ 2013ರಲ್ಲಿ ಮೊದಲ ಯಶಸ್ಸು ಕಂಡ ಈ ವಸ್ತುವಿನ ಅತ್ಯಂತ ವಿಶೇಷ ಗುಣ ಇಂದಿಗೂ ಅತಿಶೀತಲ ಯಂತ್ರದ ಹೊರಗೆ ಬಂದಿಲ್ಲ. ಕಾರಣ ಹುಡುಕಹೊರಟರೆ ಸಿದ್ಧಾಂತದಲ್ಲಿ ದೊಡ್ಡ ಲೋಪ ಕಾಣುವುದಿಲ್ಲ. ತೊಡಕಿರುವುದು ಪದರವನ್ನು ಬೆಳೆಸುವ ಕೆಲಸದಲ್ಲಿ. ಸಾರ್ವಜನಿಕ ಹಣ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ.

ಒಳಗೆ ತಡೆ, ಹೊರಗೆ ಹರಿವು

ತಾಮ್ರದಂಥ ಲೋಹದಲ್ಲಿ ವಿದ್ಯುತ್ ಹರಿಯುತ್ತದೆ, ಪಿಂಗಾಣಿಯಂಥ ಅವಾಹಕದಲ್ಲಿ ಹರಿಯುವುದಿಲ್ಲ ಎಂಬುದು ಶಾಲೆಯ ಪಾಠ. ಟೊಪೊಲಾಜಿಕಲ್ ಇನ್ಸುಲೇಟರ್ ಈ ಎರಡು ಗುಂಪುಗಳಿಗೂ ಪೂರ್ತಿಯಾಗಿ ಸೇರದು. ಅದರ ಒಡಲು ಅವಾಹಕ, ಮೇಲ್ಮೈ ಮಾತ್ರ ವಾಹಕ. ಮೇಲ್ಮೈಯ ಈ ಗುಣ ಬಣ್ಣ ಬಳಿದಂತೆ ಹೊರಗಿನಿಂದ ಬಂದದ್ದಲ್ಲ. ಒಡಲಿನ ಎಲೆಕ್ಟ್ರಾನ್‌ಗಳ ಗಣಿತ ರಚನೆಯೇ ಅದನ್ನು ಅನಿವಾರ್ಯಗೊಳಿಸುತ್ತದೆ. ಹರಳನ್ನು ಒಡೆದರೆ ಒಡೆದಲ್ಲಿ ಹೊಸದಾಗಿ ತೆರೆದುಕೊಂಡ ಮೇಲ್ಮೈಯೂ ವಾಹಕವಾಗುತ್ತದೆ.

ಅಮೆರಿಕದ ಚಾರ್ಲ್ಸ್ ಕೇನ್ ಮತ್ತು ಯೂಜೀನ್ ಮೆಲೆ 2005ರಲ್ಲಿ ಈ ವಿಚಾರಕ್ಕೆ ಗಣಿತದ ರೂಪ ನೀಡಿದರು. 2007ರಲ್ಲಿ ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ನ ಲಾರೆನ್ಸ್ ಮೊಲೆನ್‌ಕ್ಯಾಂಪ್ ತಂಡವು ಪಾದರಸ ಮತ್ತು ಟೆಲುರಿಯಂನ ಸಂಯುಕ್ತದಲ್ಲಿ ಅದರ ಎರಡು ಆಯಾಮದ ರೂಪವನ್ನು ಪ್ರಯೋಗದಿಂದ ತೋರಿಸಿತು. 2009ರಲ್ಲಿ ಬಿಸ್ಮತ್ ಸೆಲೆನೈಡ್, ಬಿಸ್ಮತ್ ಟೆಲುರೈಡ್‌ನಂಥ ಸರಳ ಸಂಯುಕ್ತಗಳೂ ಇದೇ ಜಾತಿಯವು ಎಂದು ತಿಳಿದುಬಂತು. ಬಿಸ್ಮತ್ ಟೆಲುರೈಡ್ ಆಗಲೇ ವಿದ್ಯುತ್ತಿನಿಂದ ತಂಪು ಮಾಡುವ ಸಣ್ಣ ಸಾಧನಗಳಲ್ಲಿ ದಶಕಗಳಿಂದ ಬಳಕೆಯಲ್ಲಿತ್ತು. ಪರಿಚಿತ ವಸ್ತುವಿನೊಳಗೆ ಅಪರಿಚಿತ ಗುಣವೊಂದು ಅಡಗಿತ್ತು.

ಈ ಮೇಲ್ಮೈಯಲ್ಲಿ ಇನ್ನೊಂದು ವಿಶೇಷವಿದೆ. ಎಲೆಕ್ಟ್ರಾನ್‌ಗೆ ವಿದ್ಯುದಂಶವಿರುವಂತೆ 'ಸ್ಪಿನ್' ಎಂಬ ಗುಣವೂ ಇದೆ. ಪ್ರತಿ ಎಲೆಕ್ಟ್ರಾನನ್ನೂ ಒಂದು ಪುಟ್ಟ ಅಯಸ್ಕಾಂತದ ಸೂಜಿಯೆಂದು ಭಾವಿಸಿದರೆ ಆ ಸೂಜಿ ತೋರುವ ದಿಕ್ಕೇ ಸ್ಪಿನ್‌ನ ದಿಕ್ಕು. ಸಾಮಾನ್ಯ ತಂತಿಯಲ್ಲಿ ಸೂಜಿಗಳು ಮನಬಂದ ಕಡೆಗೆ ತಿರುಗಿರುತ್ತವೆ. ಟೊಪೊಲಾಜಿಕಲ್ ಇನ್ಸುಲೇಟರ್‌ನ ಮೇಲ್ಮೈಯಲ್ಲಿ ಮಾತ್ರ ಎಲೆಕ್ಟ್ರಾನ್ ಚಲಿಸುವ ದಿಕ್ಕಿಗೂ ಅದರ ಸೂಜಿಯ ದಿಕ್ಕಿಗೂ ಗಂಟು ಬಿದ್ದಿದೆ. ವಿದ್ಯುತ್ ಹರಿಸಿದರೆ ಸಾಕು, ಸೂಜಿಗಳ ಬಹುಪಾಲು ಒಂದೇ ಕಡೆಗೆ ವಾಲುತ್ತದೆ.

ಇಂದಿನ ಚಿಪ್‌ಗಳು ಎಲೆಕ್ಟ್ರಾನ್‌ನ ವಿದ್ಯುದಂಶವನ್ನು ಮಾತ್ರ ಬಳಸುತ್ತವೆ. ಸ್ಪಿನ್ನನ್ನೂ ದುಡಿಸಿಕೊಳ್ಳುವ ತಂತ್ರಜ್ಞಾನಕ್ಕೆ ಸ್ಪಿನ್‌ಟ್ರಾನಿಕ್ಸ್ ಎಂದು ಹೆಸರು. ಅಯಸ್ಕಾಂತದ ದಿಕ್ಕಿನಲ್ಲಿ ಬರೆದಿಟ್ಟ ಮಾಹಿತಿ ವಿದ್ಯುತ್ ಹೋದರೂ ಅಳಿಯದು. ಅದನ್ನು ಅಲ್ಪ ವಿದ್ಯುತ್ತಿನಿಂದ ಬರೆಯಲು ಸಾಧ್ಯವಾದರೆ ದತ್ತಾಂಶ ಕೇಂದ್ರಗಳು ನುಂಗುತ್ತಿರುವ ವಿದ್ಯುತ್ತಿನಲ್ಲಿ ಉಳಿತಾಯವಾದೀತು. ಈ ಸಂಶೋಧನೆಯ ಹಿಂದಿರುವ ಆರ್ಥಿಕ ಲೆಕ್ಕಾಚಾರ ಇಷ್ಟೇ.

ಬೀಜಿಂಗ್‌ನಲ್ಲಿ ದೊರೆತ ಫಲ

ಟೊಪೊಲಾಜಿಕಲ್ ಇನ್ಸುಲೇಟರ್‌ನ ತೆಳುಪದರಕ್ಕೆ ಕಾಂತತ್ವವನ್ನೂ ಕೂಡಿಸಿದರೆ ಏನಾಗಬೇಕು ಎಂಬುದನ್ನು ಚೀನಾ ಮತ್ತು ಅಮೆರಿಕದ ಸಿದ್ಧಾಂತಿಗಳು 2010ರಲ್ಲಿ ಲೆಕ್ಕ ಹಾಕಿದ್ದರು. ಅವರ ಪ್ರಕಾರ ಮೇಲ್ಮೈಯೂ ಅವಾಹಕವಾಗಿ, ವಿದ್ಯುತ್ತಿಗೆ ಪದರದ ಅಂಚಿನ ದಾರಿ ಮಾತ್ರ ಉಳಿಯಬೇಕು. ಅದೂ ಏಕಮುಖ ಸಂಚಾರದ ದಾರಿ. ಕೆರೆಯ ನೀರಿನಲ್ಲಿ ಯಾರೂ ನಡೆಯಲಾರರು, ಸುತ್ತಲಿನ ಏರಿಯ ಮೇಲೆ ಎಲ್ಲರೂ ಒಂದೇ ದಿಕ್ಕಿಗೆ ನಡೆಯಬೇಕು ಎಂಬಂಥ ವ್ಯವಸ್ಥೆ. ಎದುರು ಬರುವವರಿಲ್ಲವಾದ್ದರಿಂದ ಡಿಕ್ಕಿಯಿಲ್ಲ. ಡಿಕ್ಕಿಯಿಲ್ಲವಾದ್ದರಿಂದ ಆ ದಾರಿಯುದ್ದಕ್ಕೂ ಶಕ್ತಿ ವ್ಯಯವಾಗುವುದಿಲ್ಲ.

1980ರಲ್ಲಿ ಜರ್ಮನಿಯ ಕ್ಲೌಸ್ ಫಾನ್ ಕ್ಲಿಟ್ಸಿಂಗ್ ಕಂಡುಹಿಡಿದ ಕ್ವಾಂಟಮ್ ಹಾಲ್ ಪರಿಣಾಮದಲ್ಲಿ ಇಂಥ ಅಂಚಿನ ದಾರಿಗಳು ಮೊದಲೇ ಗೊತ್ತಿದ್ದವು. ಆದರೆ ಅದಕ್ಕೆ ಅತಿ ಪ್ರಬಲವಾದ ಹೊರಗಿನ ಕಾಂತಕ್ಷೇತ್ರ ಬೇಕಿತ್ತು. ಹೊರಗಿನ ಕ್ಷೇತ್ರವಿಲ್ಲದೆಯೂ ಅದು ಸಾಧ್ಯ ಎಂಬ ಮಾದರಿಯನ್ನು ಡಂಕನ್ ಹಾಲ್ಡೇನ್ 1988ರಲ್ಲಿ ಕಾಗದದ ಮೇಲೆ ಕಟ್ಟಿದರು. ಅವರಿಗೆ 2016ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಕಾಗದದ ಮಾತನ್ನು ವಸ್ತುವಿನಲ್ಲಿ ತೋರಿಸಿದ್ದು ಬೀಜಿಂಗ್‌ನ ತ್ಸಿಂಗ್ಹುವಾ ವಿಶ್ವವಿದ್ಯಾಲಯದ ಷುವೆ ಚೀಕುನ್ ನೇತೃತ್ವದ ತಂಡ. ಬಿಸ್ಮತ್, ಆಂಟಿಮನಿ ಮತ್ತು ಟೆಲುರಿಯಂ ಸೇರಿದ ಪದರಕ್ಕೆ ಸ್ವಲ್ಪ ಕ್ರೋಮಿಯಂ ಬೆರೆಸಿ, ಸುಮಾರು 5 ನ್ಯಾನೊಮೀಟರ್ ದಪ್ಪಕ್ಕೆ ಬೆಳೆಸಿದಾಗ ಹೊರಗಿನ ಕಾಂತಕ್ಷೇತ್ರವಿಲ್ಲದೆಯೇ ವಿದ್ಯುತ್ ರೋಧವು 25,812.8 ಓಮ್‌ನ ನಿಗದಿತ ಮೌಲ್ಯಕ್ಕೆ ಬಂದು ನಿಂತಿತು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶಕ್ಕಾಗಿ ಆ ತಂಡ ನಾಲ್ಕು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಬೆಳೆಸಿ ಪರೀಕ್ಷಿಸಿತ್ತು. 2024ರಲ್ಲಿ ಷುವೆ ಅವರಿಗೆ ಅಮೆರಿಕನ್ ಫಿಸಿಕಲ್ ಸೊಸೈಟಿಯ ಬಕ್ಲಿ ಪ್ರಶಸ್ತಿ ಸಂದಿತು.

ಆದರೆ ಆ ಪ್ರಯೋಗ ನಡೆದದ್ದು 0.03 ಕೆಲ್ವಿನ್ ಉಷ್ಣಾಂಶದಲ್ಲಿ. ಅಂದರೆ ಪ್ರಕೃತಿಯಲ್ಲಿ ಸಾಧ್ಯವಿರುವ ಕನಿಷ್ಠ ಉಷ್ಣಾಂಶವಾದ ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ಗಿಂತ ಒಂದು ಡಿಗ್ರಿಯ ನೂರರಲ್ಲಿ ಮೂರು ಪಾಲು ಮಾತ್ರ ಮೇಲೆ. ಮನೆಯ ಕೋಣೆಯ ಉಷ್ಣಾಂಶ ಇದೇ ಮಾಪನದಲ್ಲಿ ಸುಮಾರು 300 ಕೆಲ್ವಿನ್. ಇವೆರಡರ ನಡುವೆ ಹತ್ತು ಸಾವಿರ ಪಟ್ಟು ಅಂತರವಿದೆ.

ಪದರ ಬೆಳೆಸುವ ಕಷ್ಟ

ಈ ಅಂತರ ಏಕೆ ಉಳಿದಿದೆ ಎಂದು ತಿಳಿಯಲು ಪದರ ಬೆಳೆಯುವ ಬಗೆಯನ್ನು ನೋಡಬೇಕು. ಇದಕ್ಕೆ ಬಳಸುವ ಮುಖ್ಯ ವಿಧಾನ ಮಾಲಿಕ್ಯುಲರ್ ಬೀಮ್ ಎಪಿಟಾಕ್ಸಿ. ದಪ್ಪ ಉಕ್ಕಿನ ಕೋಶವೊಂದರಿಂದ ಗಾಳಿಯನ್ನು ಹೊರತೆಗೆದು, ಒಳಗಿನ ಒತ್ತಡವನ್ನು ವಾತಾವರಣದ ಒತ್ತಡದ ಲಕ್ಷ ಕೋಟಿಯ ಒಂದು ಪಾಲಿಗಿಂತಲೂ ಕೆಳಗಿಳಿಸಲಾಗುತ್ತದೆ. ಕೋಶದ ಗೋಡೆಗೆ ಜೋಡಿಸಿದ ಪುಟ್ಟ ಕುಲುಮೆಗಳಲ್ಲಿ ಬಿಸ್ಮತ್, ಆಂಟಿಮನಿ, ಟೆಲುರಿಯಂ, ಕ್ರೋಮಿಯಂಗಳನ್ನು ಬೇರೆ ಬೇರೆಯಾಗಿ ಕಾಯಿಸುತ್ತಾರೆ. ಆವಿಯಾದ ಪರಮಾಣುಗಳು ನೇರ ಕಿರಣಗಳಂತೆ ಸಾಗಿ, ನಡುವೆ ಬಿಸಿಮಾಡಿ ಇಟ್ಟ ತಳಹರಳಿನ ಮೇಲೆ ಕೂರುತ್ತವೆ. ತಳಹರಳು ನೀಲಮಣಿಯ ಜಾತಿಯ ಸಫೈರ್ ಆಗಿರಬಹುದು, ಸ್ಟ್ರಾನ್ಷಿಯಂ ಟೈಟನೇಟ್ ಅಥವಾ ಇಂಡಿಯಂ ಫಾಸ್ಫೈಡ್ ಆಗಿರಬಹುದು.

ಈ ಸಂಯುಕ್ತಗಳ ಹರಳು ಚಿರೋಟಿಯಂತೆ ಪದರ ಪದರವಾಗಿದೆ. ಐದು ಪರಮಾಣು ಹಾಳೆಗಳು ಗಟ್ಟಿಯಾಗಿ ಬೆಸೆದುಕೊಂಡು ಒಂದು ಪದರವಾಗುತ್ತವೆ. ಅದರ ದಪ್ಪ ಸುಮಾರು ಒಂದು ನ್ಯಾನೊಮೀಟರ್. ಒಂದು ಪದರಕ್ಕೂ ಮುಂದಿನ ಪದರಕ್ಕೂ ಇರುವ ಅಂಟು ಮಾತ್ರ ದುರ್ಬಲ. ಇಂಥ ಐದಾರು ಪದರಗಳನ್ನು ಒಂದೂ ಹೆಚ್ಚುಕಡಿಮೆಯಾಗದಂತೆ ಬೆಳೆಸಬೇಕು. ಬೆಳೆಯುತ್ತಿರುವಾಗಲೇ ಮೇಲ್ಮೈಗೆ ಓರೆಯಾಗಿ ಎಲೆಕ್ಟ್ರಾನ್‌ಗಳನ್ನು ಹಾಯಿಸಿ, ಪರದೆಯ ಮೇಲೆ ಮೂಡುವ ಗೆರೆಗಳ ಏರಿಳಿತದಿಂದ ಪದರಗಳನ್ನು ಎಣಿಸುತ್ತಾರೆ.

ತೊಡಕುಗಳು ಒಂದೆರಡಲ್ಲ. ಸೆಲೆನಿಯಂ ಮತ್ತು ಟೆಲುರಿಯಂ ಸುಲಭವಾಗಿ ಹಾರಿಹೋಗುವ ಸ್ವಭಾವದವು. ಅವು ಇರಬೇಕಾದ ಜಾಗ ಖಾಲಿಯಾದರೆ ಅಥವಾ ಆ ಜಾಗದಲ್ಲಿ ಬೇರೆ ಪರಮಾಣು ಕುಳಿತರೆ, ಅವಾಹಕವಾಗಬೇಕಾದ ಒಡಲಿನಲ್ಲಿಯೂ ವಿದ್ಯುತ್ ಸೋರತೊಡಗುತ್ತದೆ. ಒಡಲು ಸೋರಿದರೆ ಅಂಚಿನ ದಾರಿಗೆ ಅರ್ಥವಿಲ್ಲ. ಆದ್ದರಿಂದ ಟೆಲುರಿಯಂ ಆವಿಯನ್ನು ಅಗತ್ಯಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಹಾಯಿಸಬೇಕಾಗುತ್ತದೆ. ಬಿಸ್ಮತ್ ಟೆಲುರೈಡ್‌ನಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚಾಗುವ ಒಲವಿದ್ದರೆ ಆಂಟಿಮನಿ ಟೆಲುರೈಡ್‌ನಲ್ಲಿ ಅವು ಕಡಿಮೆಯಾಗುವ ಒಲವಿದೆ. ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಸಮತೋಲನ ತರಬೇಕು. ಪ್ರಮಾಣ ಸ್ವಲ್ಪ ತಪ್ಪಿದರೂ ಮಾದರಿ ಕಸವಾಗುತ್ತದೆ. ಬೆಳೆದ ಪದರ ಹೊರಗಿನ ಗಾಳಿಗೆ ಸೋಕಿದರೆ ಆಮ್ಲಜನಕ ಅದರ ಮೇಲ್ಮೈಯನ್ನು ಕೆಡಿಸುತ್ತದೆ. ಹಾಗಾಗಿ ಕೋಶದೊಳಗೇ ಮೇಲೊಂದು ರಕ್ಷಣಾ ಹೊದಿಕೆ ಹಾಕಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಂತತ್ವ ತರಲು ಬೆರೆಸುವ ಕ್ರೋಮಿಯಂನದೇ. ಅದರ ಪರಮಾಣುಗಳು ಪದರದ ತುಂಬ ಸಮವಾಗಿ ಹರಡದೆ ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ವಿರಳವಾಗಿ ಕೂರುತ್ತವೆ. ಅಂಚಿನ ದಾರಿಯನ್ನು ಕಾಯುವ ಶಕ್ತಿಯ ಕಂದಕವೂ ಒಂದೆಡೆ ಆಳವಾಗಿ, ಇನ್ನೊಂದೆಡೆ ಮುಚ್ಚಿಹೋಗುವಷ್ಟು ಸಣ್ಣದಾಗಿ ಉಳಿಯುತ್ತದೆ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೇ ಎಂಬಂತೆ ಇಡೀ ಪದರದ ಗುಣವನ್ನು ಆ ಸಣ್ಣ ಜಾಗಗಳೇ ನಿರ್ಧರಿಸುತ್ತವೆ. 2013ರ ಪದರ ಸುಮಾರು 15 ಕೆಲ್ವಿನ್‌ವರೆಗೂ ಅಯಸ್ಕಾಂತವಾಗಿಯೇ ಇತ್ತು. ಆದರೂ ರೋಧವು ನಿಗದಿತ ಮೌಲ್ಯಕ್ಕೆ ಬರಲು 0.03 ಕೆಲ್ವಿನ್‌ಗೆ ಇಳಿಯಬೇಕಾಯಿತು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಪದರದೊಳಗಿನ ಅಸಮತೆ.

ನಿಧಾನದ ಏರಿಕೆ

ಮುಂದಿನ ವರ್ಷಗಳಲ್ಲಿ ಮೂರು ದಾರಿಗಳಲ್ಲಿ ಪ್ರಯತ್ನ ನಡೆದಿದೆ. ಮೊದಲನೆಯದು ಬೆರಕೆಯನ್ನು ಬದಲಿಸುವುದು. 2015ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜಗದೀಶ್ ಮೂಡೇರ ಮತ್ತು ಸಂಗಡಿಗರು ಕ್ರೋಮಿಯಂ ಬದಲು ವೆನೇಡಿಯಂ ಬಳಸಿ, ನಿಗದಿತ ಮೌಲ್ಯದ 0.9998 ಪಾಲಿನಷ್ಟು ನಿಖರತೆ ಪಡೆದರು. ಉಷ್ಣಾಂಶ ಮಾತ್ರ ಆಗಲೂ 0.025 ಕೆಲ್ವಿನ್. ಅದೇ ವರ್ಷ ಜಪಾನಿನ ಸಂಶೋಧಕರು ಕ್ರೋಮಿಯಂ ಅನ್ನು ಎಲ್ಲೆಡೆ ಹರಡುವ ಬದಲು ಮೇಲ್ಮೈಗಳ ಸಮೀಪದ ತೆಳು ಹಾಳೆಗಳಿಗೆ ಮಾತ್ರ ಸೀಮಿತಗೊಳಿಸಿದರು. ಪರಿಣಾಮದ ಗುರುತು 2 ಕೆಲ್ವಿನ್‌ವರೆಗೂ ಉಳಿಯಿತು. ರಾಸಾಯನಿಕ ಪ್ರಮಾಣ ಬದಲಿಸುವುದಕ್ಕಿಂತ ಪರಮಾಣುಗಳನ್ನು ಎಲ್ಲಿ ಇಡಬೇಕೆಂಬ ತಿಳಿವಳಿಕೆ ಹೆಚ್ಚು ಫಲ ನೀಡಿದ್ದನ್ನು ಇಲ್ಲಿ ಗಮನಿಸಬೇಕು.

ಎರಡನೆಯದು ಬೆರಕೆಯೇ ಬೇಡ ಎಂಬ ದಾರಿ. ಮ್ಯಾಂಗನೀಸ್, ಬಿಸ್ಮತ್, ಟೆಲುರಿಯಂ ಸೇರಿದ ಸಂಯುಕ್ತವೊಂದರಲ್ಲಿ ಮ್ಯಾಂಗನೀಸ್ ತನ್ನದೇ ಆದ ಹಾಳೆಯಲ್ಲಿ ಕ್ರಮಬದ್ಧವಾಗಿ ಕೂರುತ್ತದೆ. ಇದು ಸಹಜವಾಗಿಯೇ ಕಾಂತೀಯವಾದ ಟೊಪೊಲಾಜಿಕಲ್ ಇನ್ಸುಲೇಟರ್ ಎಂದು 2019ರಲ್ಲಿ ದೃಢಪಟ್ಟಿತು. 2020ರಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ತಂಡ ಈ ಹರಳಿನಿಂದ ಕಿತ್ತ ಐದು ಪದರಗಳ ಚೂರಿನಲ್ಲಿ 1.4 ಕೆಲ್ವಿನ್‌ನಲ್ಲಿ ಯಶಸ್ಸು ಕಂಡಿತು. ಹೊರಗಿನ ಕಾಂತಕ್ಷೇತ್ರದ ನೆರವಿನಿಂದ ಅದು 6.5 ಕೆಲ್ವಿನ್‌ಗೆ ಏರಿತು. ಆದರೆ ಹರಳಿನಿಂದ ಕಿತ್ತ ಸೂಕ್ಷ್ಮ ಚೂರಿನಲ್ಲಿ ಆದದ್ದನ್ನು ಕೋಶದೊಳಗೆ ಬೆಳೆಸಿದ ವಿಶಾಲ ಪದರದಲ್ಲಿ ಸಾಧಿಸುವುದು ಕಷ್ಟವಾಗಿದೆ. ಮ್ಯಾಂಗನೀಸ್ ಮತ್ತು ಬಿಸ್ಮತ್ ಪರಮಾಣುಗಳು ಪರಸ್ಪರ ಜಾಗ ಬದಲಿಸಿಕೊಳ್ಳುವುದೇ ಇದಕ್ಕೆ ಮುಖ್ಯ ಅಡ್ಡಿ. ಚೂರುಗಳಿಂದ ಪ್ರಬಂಧ ಬರೆಯಬಹುದು, ಕಾರ್ಖಾನೆ ನಡೆಸಲಾಗದು.

ಮೂರನೆಯದು ನೆರೆಹೊರೆಯ ಪ್ರಭಾವದ ದಾರಿ. ಟೊಪೊಲಾಜಿಕಲ್ ಇನ್ಸುಲೇಟರ್ ಅನ್ನು ಮುಟ್ಟದೆ, ಅದರ ಮಗ್ಗುಲಲ್ಲಿ ಬೇರೊಂದು ಅಯಸ್ಕಾಂತದ ಪದರ ಇಟ್ಟು ಕಾಂತತ್ವವನ್ನು ಕಡ ತರುವುದು ಇದರ ತತ್ವ. ಯುರೋಪಿಯಂ ಸಲ್ಫೈಡ್ ಪದರವನ್ನು ಹೀಗೆ ಜೋಡಿಸಿದಾಗ ಎರಡರ ಸಂಧಿಯಲ್ಲಿ ಕೋಣೆಯ ಉಷ್ಣಾಂಶದವರೆಗೂ ಕಾಂತತ್ವದ ಕುರುಹು ಕಂಡಿತೆಂದು ಮೂಡೇರ ಅವರೂ ಇದ್ದ ತಂಡ 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿತು. ಅಂಥ ಕಾಂತತ್ವ ಟೊಪೊಲಾಜಿಕಲ್ ಪದರದೊಳಗೆ ತಮಗೆ ಕಾಣಲಿಲ್ಲವೆಂದು ಇನ್ನೊಂದು ಅಂತಾರಾಷ್ಟ್ರೀಯ ತಂಡ 2020ರಲ್ಲಿ ಪ್ರಕಟಿಸಿತು. ಸಂಧಿಯೊಂದರ ಗುಣ ಅದನ್ನು ಹೇಗೆ ಬೆಳೆಸಲಾಯಿತು ಎಂಬುದರ ಮೇಲೆ ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಈ ಭಿನ್ನಾಭಿಪ್ರಾಯವೇ ಸಾಕ್ಷಿ.

ಆತುರ ತಂದ ಪಾಠ

ಈ ಕ್ಷೇತ್ರಕ್ಕೆ ಆತುರದ ಕಹಿಯೂ ಗೊತ್ತಿದೆ. ಕಾಂತೀಯ ಟೊಪೊಲಾಜಿಕಲ್ ಪದರಕ್ಕೆ ಅತಿವಾಹಕವನ್ನು ಜೋಡಿಸಿ, ಕ್ವಾಂಟಮ್ ಕಂಪ್ಯೂಟರ್‌ಗೆ ಉಪಯುಕ್ತವಾಗಬಹುದಾದ 'ಮಯೊರಾನಾ' ಎಂಬ ವಿಶಿಷ್ಟ ಸ್ಥಿತಿಯನ್ನು ಕಂಡಿರುವುದಾಗಿ ಅಮೆರಿಕದ ತಂಡವೊಂದು 2017ರಲ್ಲಿ ಪ್ರಕಟಿಸಿತ್ತು. ಜಗತ್ತಿನ ಪತ್ರಿಕೆಗಳು ಅದನ್ನು 'ದೇವತಾ ಕಣ' ಎಂದು ಮೆರೆಸಿದವು. 2020ರಲ್ಲಿ ಇತರ ಸಂಶೋಧಕರು ಅದೇ ಬಗೆಯ ಹಲವು ಸಾಧನಗಳನ್ನು ಮಾಡಿ ನೋಡಿದಾಗ ಆ ಸಂಕೇತಕ್ಕೆ ಬೇರೆ ಸಾಧಾರಣ ಕಾರಣವಿರುವುದು ಕಂಡುಬಂತು. 2022ರ ನವೆಂಬರ್‌ನಲ್ಲಿ ಮೂಲ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು.

ತಪ್ಪನ್ನು ತಿದ್ದಿಕೊಂಡದ್ದು ವಿಜ್ಞಾನದ ಬಲವೇ ಸರಿ. ಆದರೆ ಐದು ವರ್ಷಗಳ ಕಾಲ ಹಲವು ವಿದ್ಯಾರ್ಥಿಗಳ ಶ್ರಮ ಆ ಬೆನ್ನಟ್ಟುವಿಕೆಯಲ್ಲಿ ವ್ಯಯವಾಯಿತು. ಘೋಷಣೆಯ ದಿನಾಂಕ ಮೊದಲೇ ನಿಗದಿಯಾಗುವ ಸರ್ಕಾರಿ ಯೋಜನೆಗಳು ಈ ಪ್ರಕರಣವನ್ನು ನೆನಪಿಟ್ಟುಕೊಳ್ಳುವುದು ಒಳಿತು.

ಇಪ್ಪತ್ತು ವರ್ಷ ಕಾದ ಇನ್ನೊಂದು ಪದರ

ಹಾಗಾದರೆ ಕೋಣೆಯ ಉಷ್ಣಾಂಶದ ಮಾತು ಬರಿಯ ಕನಸೇ? ಸ್ಪಿನ್‌ಟ್ರಾನಿಕ್ಸ್‌ನ ಇತಿಹಾಸ ಹಾಗೆ ಹೇಳುವುದಿಲ್ಲ. 1975ರಲ್ಲಿ ಫ್ರಾನ್ಸಿನ ಮಿಷೆಲ್ ಜೂಲಿಯೇರ್ ಎರಡು ಅಯಸ್ಕಾಂತಗಳ ನಡುವೆ ತೆಳುವಾದ ಅವಾಹಕ ಪದರವಿಟ್ಟು, ಅಯಸ್ಕಾಂತಗಳ ದಿಕ್ಕಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವುದನ್ನು ತೋರಿಸಿದರು. ಅದು ನಡೆದದ್ದು 4.2 ಕೆಲ್ವಿನ್‌ನಲ್ಲಿ. ಮುಂದೆ ಎರಡು ದಶಕಗಳ ಕಾಲ ಆ ಪರಿಣಾಮವನ್ನು ಕೋಣೆಯ ಉಷ್ಣಾಂಶದಲ್ಲಿ ಪ್ರಬಲವಾಗಿ ಪಡೆಯಲು ಆಗಲಿಲ್ಲ.

ಅದನ್ನು ಸಾಧಿಸಿದ್ದು 1995ರಲ್ಲಿ ಎರಡು ತಂಡಗಳು. ಒಂದು ಜಪಾನಿನ ತೆರುನೊಬು ಮಿಯಾಜಾಕಿ ಅವರದು, ಇನ್ನೊಂದು ಜಗದೀಶ್ ಮೂಡೇರ ಅವರದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮದ್ರಾಸ್ ಐಐಟಿಯಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ತೆರಳಿದವರು ಮೂಡೇರ. ಅವರ ತಂಡ ಕಂಡದ್ದು ಕೋಣೆಯ ಉಷ್ಣಾಂಶದಲ್ಲಿ ಶೇ 11.8ರಷ್ಟು ಬದಲಾವಣೆ. ಅದಕ್ಕೆ ಹೊಸ ಸಿದ್ಧಾಂತ ಬೇಕಾಗಲಿಲ್ಲ. ಅಲ್ಯೂಮಿನಿಯಂ ಆಕ್ಸೈಡ್‌ನ ಕೆಲವೇ ಪರಮಾಣು ದಪ್ಪದ ನಡುಪದರವನ್ನು ತೂತಿಲ್ಲದೆ, ಒರಟಿಲ್ಲದೆ ಬೆಳೆಸುವ ಕೈಚಳಕ ಬೇಕಾಗಿತ್ತು. 2004ರಲ್ಲಿ ನಡುಪದರಕ್ಕೆ ಮೆಗ್ನೀಸಿಯಂ ಆಕ್ಸೈಡ್ ಹರಳು ಬಂದ ಮೇಲೆ ಬದಲಾವಣೆ ಶೇ 200ರ ಹತ್ತಿರಕ್ಕೆ ಏರಿತು. ಹಾರ್ಡ್ ಡಿಸ್ಕ್‌ಗಳಲ್ಲಿ ಮಾಹಿತಿ ಓದುವ ತಲೆಗಳು, ವಿದ್ಯುತ್ ಹೋದರೂ ಅಳಿಯದ ಕಾಂತೀಯ ಸ್ಮೃತಿಚಿಪ್‌ಗಳು ಈ ಪದರಗಳಿಂದಲೇ ಹುಟ್ಟಿದವು. 2009ರ ಬಕ್ಲಿ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಮೂಡೇರ ಮತ್ತು ಮಿಯಾಜಾಕಿ ಇಬ್ಬರೂ ಇದ್ದರು.

ಈ ಇತಿಹಾಸಕ್ಕೆ ಇನ್ನೊಂದು ಮುಖವಿದೆ. ಸ್ಪಿನ್‌ಟ್ರಾನಿಕ್ಸ್‌ಗೆ ನಾಂದಿ ಹಾಡಿದ ಬೃಹತ್ ಕಾಂತರೋಧ ಪರಿಣಾಮ 1988ರಲ್ಲಿ ಪತ್ತೆಯಾಗಿ, ಒಂಬತ್ತೇ ವರ್ಷಗಳಲ್ಲಿ, 1997ರಲ್ಲಿ, ಐಬಿಎಂನ ಹಾರ್ಡ್ ಡಿಸ್ಕ್ ಸೇರಿತು. ಅದು ಕೋಣೆಯ ಉಷ್ಣಾಂಶದಲ್ಲಿಯೂ ಕೆಲಸ ಮಾಡುತ್ತಿದ್ದುದೇ ಆ ವೇಗಕ್ಕೆ ಮುಖ್ಯ ಕಾರಣ. ಶೈತ್ಯ ಬೇಡದ ಪದರ ಒಂಬತ್ತು ವರ್ಷಗಳಲ್ಲಿ ಮಾರುಕಟ್ಟೆಗೆ ಬಂದರೆ, ಶೈತ್ಯ ಬೇಕಾದ ಪದರ ಇಪ್ಪತ್ತು ವರ್ಷ ಪ್ರಯೋಗಾಲಯದಲ್ಲಿಯೇ ಕಾಯಿತು. ಕಾಂತೀಯ ಟೊಪೊಲಾಜಿಕಲ್ ಪದರ ಎರಡನೆಯ ಸಾಲಿಗೆ ಸೇರಿದ್ದು.

ಮೊದಲು ಕೈಗೆಟುಕುವ ಫಲ

ಕಾಯುವ ಅವಧಿಯಲ್ಲಿಯೂ ಕೆಲವು ಫಲಗಳು ದೊರೆಯುತ್ತಿವೆ. ಅಂಚಿನ ಏಕಮುಖ ದಾರಿ ಇಲ್ಲದಿದ್ದರೂ ಮೇಲ್ಮೈಯಲ್ಲಿ ಸ್ಪಿನ್ ಒಂದೆಡೆಗೆ ವಾಲುವ ಗುಣ ಕೋಣೆಯ ಉಷ್ಣಾಂಶದಲ್ಲಿಯೂ ಉಳಿಯುತ್ತದೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಕ್ರೋಮಿಯಂ ಬೆರೆಸಿದ ಟೊಪೊಲಾಜಿಕಲ್ ಪದರದ ಅಯಸ್ಕಾಂತವನ್ನು 1.9 ಕೆಲ್ವಿನ್‌ನಲ್ಲಿ ತೀರಾ ಅಲ್ಪ ವಿದ್ಯುತ್ತಿನಿಂದ ತಿರುಗಿಸಿ ತೋರಿಸಿದರು. ಅದೇ ವರ್ಷ ಕಾರ್ನೆಲ್ ಮತ್ತು ಪೆನ್ ಸ್ಟೇಟ್ ವಿಶ್ವವಿದ್ಯಾಲಯಗಳ ಸಂಶೋಧಕರು ಬಿಸ್ಮತ್ ಸೆಲೆನೈಡ್ ತನ್ನ ಮಗ್ಗುಲಿನ ಅಯಸ್ಕಾಂತ ಪದರವನ್ನು ಕೋಣೆಯ ಉಷ್ಣಾಂಶದಲ್ಲಿಯೇ ಬಲವಾಗಿ ತಿರುಚುತ್ತದೆ ಎಂದು ಅಳೆದರು. 2017ರಲ್ಲಿ ಸಿಂಗಪುರ ಮತ್ತು ಅಮೆರಿಕದ ತಂಡಗಳು ಈ ವಿಧಾನದಿಂದ ಅಯಸ್ಕಾಂತದ ದಿಕ್ಕನ್ನು ಪೂರ್ತಿಯಾಗಿ ಬದಲಿಸಿದವು. 2018ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ತಂಡ ದುಬಾರಿ ಎಪಿಟಾಕ್ಸಿಯ ಬದಲು ಕಾರ್ಖಾನೆಗಳಲ್ಲಿ ರೂಢಿಯಲ್ಲಿರುವ ಸ್ಪಟರಿಂಗ್ ವಿಧಾನದಿಂದ ಬಿಸ್ಮತ್-ಸೆಲೆನಿಯಂ ಪದರ ಮಾಡಿ ಅಂಥದೇ ಫಲ ಪಡೆಯಿತು.

ಆದರೂ ಕಾರ್ಖಾನೆಯ ಬಾಗಿಲು ಪೂರ್ತಿ ತೆರೆದಿಲ್ಲ. ಸಿಲಿಕಾನ್ ಚಿಪ್‌ಗಳ ಕೊನೆಯ ಹಂತದ ಸಂಸ್ಕರಣೆಯಲ್ಲಿ ಸುಮಾರು 400 ಡಿಗ್ರಿ ಸೆಲ್ಸಿಯಸ್ ಕಾವು ಇರುತ್ತದೆ. ಬಿಸ್ಮತ್ ಕರಗುವುದೇ 271 ಡಿಗ್ರಿಗೆ. ಅದರ ಸಂಯುಕ್ತಗಳು ಇನ್ನಷ್ಟು ಕಾವು ತಡೆದರೂ ಅವುಗಳೊಳಗಿನ ಪರಮಾಣುಗಳು ಪಕ್ಕದ ಅಯಸ್ಕಾಂತ ಪದರಕ್ಕೆ ನುಸುಳಿ ಎರಡನ್ನೂ ಕೆಡಿಸುವ ಅಪಾಯವಿದೆ. ಇದು ಕೂಡ ಪದರ ಬೆಳೆಸುವವರೇ ಬಗೆಹರಿಸಬೇಕಾದ ಸಮಸ್ಯೆ.

ಶೈತ್ಯದಲ್ಲಿದ್ದುಕೊಂಡೇ ಉಪಯೋಗಕ್ಕೆ ಬರುತ್ತಿರುವ ಕ್ಷೇತ್ರ ಇನ್ನೊಂದಿದೆ. ಅದು ಅಳತೆಯ ಕ್ಷೇತ್ರ. ವಿದ್ಯುತ್ ರೋಧದ ಮಾನಕಕ್ಕೆ ಈವರೆಗೆ ಭಾರಿ ಅಯಸ್ಕಾಂತಗಳು ಬೇಕಿದ್ದವು. 2022ರಲ್ಲಿ ಜಪಾನಿನ ಸಂಶೋಧಕರು ಕಾಂತೀಯ ಟೊಪೊಲಾಜಿಕಲ್ ಪದರದಿಂದ ಸಣ್ಣದೊಂದು ಶಾಶ್ವತ ಅಯಸ್ಕಾಂತದ ನೆರವಿನಲ್ಲಿ, ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ನಿಖರತೆಯಿಂದ ಆ ಮಾನಕವನ್ನು ಪಡೆದರು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಂಶೋಧಕರು ಇದೇ ಬಗೆಯ ಪದರವನ್ನೂ ವೋಲ್ಟ್ ಮಾನಕವನ್ನೂ ಒಂದೇ ಶೀತಲ ಯಂತ್ರದೊಳಗೆ ಕೂರಿಸಿ ತೋರಿಸಿದರು. ಜನಸಾಮಾನ್ಯರ ಕಣ್ಣಿಗೆ ಬೀಳುವ ಸಾಧನೆ ಇದಲ್ಲ. ಆದರೆ ಓಮ್, ವೋಲ್ಟ್, ಆಂಪಿಯರ್‌ಗಳ ನಿಖರತೆ ಇಡೀ ವಿದ್ಯುನ್ಮಾನ ಉದ್ಯಮದ ಅಡಿಗಲ್ಲು.

ಕಚ್ಚಾವಸ್ತುವಿನ ರಾಜಕೀಯ

ಈ ಪದರಗಳ ಧಾತುಗಳು ಜಾಗತಿಕ ರಾಜಕೀಯದಲ್ಲಿಯೂ ಸಿಲುಕಿವೆ. ಚೀನಾ 2024ರ ಸೆಪ್ಟೆಂಬರ್‌ನಲ್ಲಿ ಆಂಟಿಮನಿ ರಫ್ತಿಗೆ, 2025ರ ಫೆಬ್ರವರಿಯಲ್ಲಿ ಬಿಸ್ಮತ್ ಮತ್ತು ಟೆಲುರಿಯಂ ಸೇರಿದಂತೆ ಐದು ಲೋಹಗಳ ರಫ್ತಿಗೆ ನಿಯಂತ್ರಣ ಹೇರಿತು. ಭಾರತ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಬಿಸ್ಮತ್, ಆಂಟಿಮನಿ, ಟೆಲುರಿಯಂ, ಸೆಲೆನಿಯಂ ನಾಲ್ಕೂ ಇವೆ. ಹತ್ತು ನ್ಯಾನೊಮೀಟರ್ ಪದರಕ್ಕೆ ಬೇಕಾಗುವ ಲೋಹ ಅತ್ಯಲ್ಪವಾದ್ದರಿಂದ ಸಂಶೋಧನೆಗೆ ತಕ್ಷಣದ ಆತಂಕವಿಲ್ಲ. ಆದರೆ ಕುಲುಮೆಗೆ ಹಾಕುವ ಲೋಹ ಅತ್ಯುನ್ನತ ಶುದ್ಧತೆಯದಾಗಿರಬೇಕು. ಟೆಲುರಿಯಂ ಮತ್ತು ಸೆಲೆನಿಯಂ ತಾಮ್ರ ಶುದ್ಧೀಕರಣದ ಚರಟದಿಂದ ದೊರೆಯುವ ಉಪೋತ್ಪನ್ನಗಳು. ಚರಟದಿಂದ ಅವನ್ನು ಬೇರ್ಪಡಿಸಿ ಆ ಮಟ್ಟದ ಶುದ್ಧತೆಗೆ ಏರಿಸುವ ಸಾಮರ್ಥ್ಯ ದೇಶದೊಳಗೆ ಬೆಳೆಯದಿದ್ದರೆ ಮುಂದೆ ತೊಂದರೆ ತಪ್ಪದು. ಶೀತಲ ಯಂತ್ರಗಳಿಗೆ ಬೇಕಾದ ಹೀಲಿಯಂಗೂ ಭಾರತ ಆಮದನ್ನೇ ನೆಚ್ಚಿದೆ.

ಹಣ ಎಲ್ಲಿಗೆ?

ರಾಷ್ಟ್ರೀಯ ಮಿಷನ್‌ನ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ವಸ್ತು ಮತ್ತು ಸಾಧನಗಳ ಕೇಂದ್ರ ದೆಹಲಿಯ ಐಐಟಿಗೂ ದೊರೆತಿವೆ. ವಿಜ್ಞಾನ ಸಂಸ್ಥೆಗೆ ಈ ವಸ್ತುಗಳು ಹೊಸತಲ್ಲ. ಟೊಪೊಲಾಜಿಕಲ್ ಇನ್ಸುಲೇಟರ್‌ಗಳ ಮೇಲ್ಮೈಯಲ್ಲಿ ವಿದ್ಯುತ್ತಿನ ಗದ್ದಲ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಅಲ್ಲಿನ ಭೌತಶಾಸ್ತ್ರಜ್ಞರು 2015ರಲ್ಲಿಯೇ ಅಳೆದು ಪ್ರಕಟಿಸಿದ್ದಾರೆ. ಅವರ ತೀರ್ಮಾನವೂ ಒಡಲಿನ ದೋಷಗಳತ್ತಲೇ ಬೆರಳು ಮಾಡಿತ್ತು. ಅಳೆಯುವ ವಿದ್ಯೆ ಇಲ್ಲಿದೆ. ಅಳೆಯಲು ಬೇಕಾದ ಅತ್ಯುತ್ತಮ ಪದರವನ್ನು ವರ್ಷಗಟ್ಟಲೆ ಸತತವಾಗಿ ಬೆಳೆಸುವ ವ್ಯವಸ್ಥೆಯನ್ನು ಬಲಪಡಿಸಬೇಕಿದೆ.

ಅದಕ್ಕೆ ಬೇಕಾದದ್ದು ಯಂತ್ರ ಮಾತ್ರವಲ್ಲ. ಎಪಿಟಾಕ್ಸಿ ಯಂತ್ರವನ್ನು ಹಣ ಕೊಟ್ಟು ತರಬಹುದು. ಆದರೆ ಒಮ್ಮೆ ನಿರ್ವಾತ ಕೆಟ್ಟರೆ ಕೋಶವನ್ನು ದಿನಗಟ್ಟಲೆ ಕಾಯಿಸಿ ಮತ್ತೆ ಸ್ಥಿತಿಗೆ ತರಬೇಕು. ಯಾವ ಕುಲುಮೆ ಹೇಗೆ ವರ್ತಿಸುತ್ತದೆಂದು ಬಲ್ಲ ಅನುಭವಿ ತಂತ್ರಜ್ಞ ನಿವೃತ್ತನಾದರೆ ಆ ತಿಳಿವಳಿಕೆ ಅವನೊಂದಿಗೇ ಹೋಗುತ್ತದೆ. ಮೂರು ವರ್ಷಗಳ ಯೋಜನೆ, ಗುತ್ತಿಗೆಯ ಸಂಶೋಧನಾ ಸಹಾಯಕ, ಬಿಡಿಭಾಗ ತರಿಸಲು ತಿಂಗಳುಗಟ್ಟಲೆ ಟೆಂಡರ್ ಎಂಬ ಪದ್ಧತಿಯಲ್ಲಿ ಸಾವಿರ ಮಾದರಿ ಬೆಳೆಸುವುದು ಸಾಧ್ಯವಿಲ್ಲ. ಬೀಜಿಂಗ್‌ನ ಯಶಸ್ಸಿನ ಗುಟ್ಟು ಆ ಸಾವಿರ ಮಾದರಿಗಳಲ್ಲಿಯೇ ಇತ್ತು.

ರಾಜ್ಯದ ಸಾವಿರ ಕೋಟಿಯ ಯೋಜನೆಗೂ ಇದೇ ಅಳತೆಗೋಲು ಅನ್ವಯಿಸುತ್ತದೆ. ಹೊಸ ಕಟ್ಟಡ, ಸಮಾವೇಶ, ಒಡಂಬಡಿಕೆಗಳ ಸಂಖ್ಯೆಯಿಂದ ಇಂಥ ಯೋಜನೆಯ ಫಲವನ್ನು ಅಳೆಯಲಾಗದು. ಐದು ವರ್ಷಗಳ ನಂತರ ಕರ್ನಾಟಕದ ಯಾವ ಕೋಶದಲ್ಲಿ ಬೆಳೆದ ಪದರವನ್ನು ಹೊರಗಿನ ಪ್ರಯೋಗಾಲಯಗಳು ಕೇಳಿ ತರಿಸಿಕೊಂಡವು, ಎಷ್ಟು ಯುವಕ ಯುವತಿಯರು ಪದರ ಬೆಳೆಸುವ ವಿದ್ಯೆಯಲ್ಲಿ ಪಳಗಿದರು, ಅವರಿಗೆ ಇಲ್ಲಿಯೇ ಕಾಯಂ ಕೆಲಸ ದೊರೆಯಿತೇ ಎಂದು ಕೇಳಬೇಕಾಗುತ್ತದೆ. ಮೈಸೂರಿನಲ್ಲಿ ಓದಿದ ವಿಜ್ಞಾನಿಯೊಬ್ಬರು ಕೋಣೆಯ ಉಷ್ಣಾಂಶದ ಪದರವನ್ನು ಸಾಧಿಸಲು 1995ರಲ್ಲಿ ಬಾಸ್ಟನ್ ಸಮೀಪದ ಪ್ರಯೋಗಾಲಯ ಬೇಕಾಯಿತು. ಮುಂದಿನ ಪದರಕ್ಕೂ ಅಷ್ಟೇ ದೂರ ಹೋಗಬೇಕಾಗುವುದೇ ಎಂಬುದನ್ನು ಈಗ ಖರ್ಚಾಗಲಿರುವ ಹಣ ತೀರ್ಮಾನಿಸಲಿದೆ.